ಮೂಗಿನೊಳಗಿನ ಗಡ್ಡೆ ಮತ್ತು ಸಂಶಯದ ಶಾಸ್ತ್ರ

ಮೂಗಿನ ಕುಹರದಲ್ಲಿ ಗಡ್ಡೆ ಇದೆಯೇ ಎಂದು ತಿಳಿಯಲು ತೆಗೆಸುವ ಸ್ಕ್ಯಾನ್, ನಿಜವಾಗಿ ಹೇಳುವುದಾದರೆ, ಗಡ್ಡೆಯನ್ನು ತೋರಿಸುವುದಿಲ್ಲ. ಸಿ.ಟಿ. ಸ್ಕ್ಯಾನ್ ತೋರಿಸುವುದು ಎಕ್ಸ್-ರೇ ಕಿರಣಗಳನ್ನು ಯಾವ ಜಾಗ ಎಷ್ಟು ತಡೆಯಿತು ಎಂಬ ಲೆಕ್ಕವನ್ನು. ನೀರಿಗೆ 0, ಗಾಳಿಗೆ ಮೈನಸ್ 1000 ಎಂದು ಗುರುತು ಮಾಡಿಕೊಂಡು ಉಳಿದದ್ದನ್ನೆಲ್ಲ ಅದೇ ಅಳತೆಗೋಲಿನ ಮೇಲೆ ಕೂರಿಸಲಾಗುತ್ತದೆ. ಈ ಅಳತೆಗೆ ತನ್ನ ಹೆಸರು ಕೊಟ್ಟ ಗಾಡ್‌ಫ್ರೆ ಹೌನ್ಸ್‌ಫೀಲ್ಡ್ ರೂಪಿಸಿದ ಯಂತ್ರ 1971ರಲ್ಲಿ ಲಂಡನ್ನಿನ ಅಟ್ಕಿನ್ಸನ್ ಮಾರ್ಲಿ ಆಸ್ಪತ್ರೆಯಲ್ಲಿ ಮೊದಲ ರೋಗಿಯ ತಲೆಯ ಚಿತ್ರ ತೆಗೆಯಿತು. ಎಂ.ಆರ್.ಐ. ಕೊಡುವ ಸುದ್ದಿ ಇನ್ನೂ ಪರೋಕ್ಷ: ಬಲವಾದ ಆಯಸ್ಕಾಂತದ ಒಳಗೆ ದೇಹದ ಹೈಡ್ರೋಜನ್ ನ್ಯೂಕ್ಲಿಯಸ್‌ಗಳನ್ನು ರೇಡಿಯೋ ಅಲೆಯಿಂದ ಕದಲಿಸಿದಾಗ ಅವು ಹೊರಡಿಸುವ ಸಂಕೇತ, ಆ ಸಂಕೇತ ಅಡಗಲು ಹಿಡಿಯುವ ಸಮಯ. ಎರಡರಲ್ಲೂ ತೆರೆಯ ಮೇಲೆ ಮೂಡುವುದು ಬೂದು ಬಣ್ಣದ ಏರಿಳಿತ ಮಾತ್ರ. ‘ಕ್ಯಾನ್ಸರ್’ ಎನ್ನುವುದಾಗಲಿ, ‘ಬರೀ ದುರ್ಮಾಂಸ’ ಎನ್ನುವುದಾಗಲಿ ಆ ಬೂದು ಬಣ್ಣದಲ್ಲಿ ಬರೆದಿರುವುದಿಲ್ಲ. ಅದನ್ನು ನೋಡುವವರು ತೀರ್ಮಾನಿಸಬೇಕು. ಹಾಗೆ ತೀರ್ಮಾನಿಸಲು ಅವರಿಗೆ ಯಾವ ಅಧಿಕಾರವಿದೆ, ಕಂಡದ್ದರಿಂದ ಕಾಣದ್ದಕ್ಕೆ ಹೋಗುವ ದಾರಿ ಎಲ್ಲಿಯವರೆಗೆ ಭದ್ರ ಎಂಬುದು ವೈದ್ಯಶಾಸ್ತ್ರಕ್ಕಿಂತ ಹಳೆಯ ಪ್ರಶ್ನೆ. ಭಾರತೀಯ ದರ್ಶನಗಳಲ್ಲಿ ಪ್ರಮಾಣವಿಚಾರ (ಸರಿಯಾದ ತಿಳಿವಿನ ಸಾಧನಗಳ ವಿಚಾರ) ಎಂಬ ಹೆಸರಿನಲ್ಲಿ ಶತಮಾನಗಳ ಕಾಲ ನಡೆದ ಚರ್ಚೆ ಇದನ್ನು ಕುರಿತದ್ದೇ.

ನ್ಯಾಯದರ್ಶನ ತನ್ನ ಹದಿನಾರು ಪದಾರ್ಥಗಳ ಪಟ್ಟಿಯಲ್ಲಿ ಪ್ರಮಾಣ, ಪ್ರಮೇಯಗಳ ಬೆನ್ನಿಗೇ ಸಂಶಯವನ್ನು ಇಡುತ್ತದೆ. ನಿರ್ಣಯದ ಸರದಿ ಬರುವುದು ಒಂಬತ್ತನೆಯದಾಗಿ. ಸಂಶಯವೆಂದರೆ ತಿಳಿಯದಿರುವುದಲ್ಲ, ತಪ್ಪಾಗಿ ತಿಳಿಯುವುದೂ ಅಲ್ಲ. ಒಂದೇ ವಸ್ತುವಿನಲ್ಲಿ ಒಂದಕ್ಕೊಂದು ಹೊಂದದ ಎರಡು ಸ್ವರೂಪಗಳ ನಡುವೆ ಮನಸ್ಸು ಓಲಾಡುವುದು ಸಂಶಯ. ಮುಸ್ಸಂಜೆಯಲ್ಲಿ ದೂರಕ್ಕೆ ಕಾಣುವ ನಿಲುವು ಮೋಟುಮರವೋ ಮನುಷ್ಯನೋ ಎಂಬುದು ನೈಯಾಯಿಕರ ಮಾಮೂಲು ಉದಾಹರಣೆ. ಎತ್ತರ, ದಪ್ಪ ಎರಡಕ್ಕೂ ಸಮಾನ. ಕೈಕಾಲು, ಟೊಂಗೆ-ಪೊಟರೆ ಎಂಬ ವಿಶೇಷಗಳು ಇನ್ನೂ ಕಂಡಿಲ್ಲ. ನ್ಯಾಯಸೂತ್ರಕಾರ ಸಂಶಯಕ್ಕೆ ಐದು ಕಾರಣಗಳನ್ನು ಎಣಿಸುತ್ತಾನೆ. ಸಮಾನ ಧರ್ಮಗಳು ಕಾಣುವುದು ಅವುಗಳಲ್ಲಿ ಮೊದಲನೆಯದು. ಕಂಡದ್ದರ ಅನಿಯಮ, ಕಾಣದ್ದರ ಅನಿಯಮ ಎಂಬೆರಡು ಕೊನೆಯವು. ಕಂಡದ್ದೆಲ್ಲ ಇರುತ್ತದೆಂದಿಲ್ಲ, ಕಾಣದ್ದೆಲ್ಲ ಇಲ್ಲವೆಂದೂ ಇಲ್ಲ. ಪಾಠಶಾಲೆಯಲ್ಲಿ ಒಣ ಎಣಿಕೆಯಂತೆ ತೋರುವ ಈ ಕೊನೆಯ ಎರಡು ಕಾರಣಗಳು ಮೂಗಿನ ಎಂ.ಆರ್.ಐ. ಮುಂದೆ ಕುಳಿತವರಿಗೆ ದಿನನಿತ್ಯದ ಸಂಗತಿ.

ಮೂಗು ಸಮಾನ ಧರ್ಮಗಳ ತವರು. ಜಾಗ ಇಕ್ಕಟ್ಟಿನದು, ಒಳಗೆ ಏನು ಬೆಳೆದರೂ ಮೊದಲು ಒಂದು ಹೊಳ್ಳೆ ಕಟ್ಟುತ್ತದೆ, ಆಮೇಲೆ ವಾಸನೆ ಹೋಗುತ್ತದೆ, ಒಮ್ಮೊಮ್ಮೆ ರಕ್ತ ಬರುತ್ತದೆ. ಸೈನಸ್‌ನ ಬಾಯಿ ಮುಚ್ಚಿಹೋಗಿ ಹಿಂದೆ ಸಿಂಬಳ ತುಂಬಿಕೊಳ್ಳುತ್ತದೆ. ಅಲರ್ಜಿಯ ಪಾಲಿಪ್‌ಗೂ ಇದೇ ಕಥೆ, ಕ್ಯಾನ್ಸರಿಗೂ ಇದೇ ಕಥೆ. ಕ್ಯಾನ್ಸರ್ ಇಲ್ಲಿ ಅಪರೂಪ. ತಲೆ ಮತ್ತು ಕುತ್ತಿಗೆಯ ಕ್ಯಾನ್ಸರುಗಳಲ್ಲಿ ಮೂಗು-ಸೈನಸ್‌ಗಳ ಪಾಲು ಶೇಕಡಾ 3ರಿಂದ 5ರಷ್ಟು ಮಾತ್ರ. ಮೂಗು ಕಟ್ಟಿಕೊಂಡು ಬರುವ ಬಹುತೇಕರಿಗೆ ಇರುವುದು ಉರಿಯೂತ. ಅಪರೂಪವೆಂಬ ಈ ಸಂಗತಿಯೇ ಅಪಾಯಕ್ಕೂ ದಾರಿ. ನೂರಾರು ಪಾಲಿಪ್‌ಗಳನ್ನು ನೋಡಿ ಪಳಗಿದ ಕಣ್ಣು ಮುಂದಿನದನ್ನೂ ಪಾಲಿಪ್ ಎಂದೇ ನೋಡುತ್ತದೆ.

ಸಮಾನ ಧರ್ಮಗಳಿಂದ ಹುಟ್ಟಿದ ಸಂಶಯ ವಿಶೇಷ ಧರ್ಮ ಕಂಡಾಗ ಅಳಿಯಬೇಕು. ಮೂಗಿನ ವಿಷಯದಲ್ಲಿ ಬಹುಕಾಲ ವಿಶೇಷವೆಂದು ನಂಬಲಾದದ್ದು ಮೂಳೆಯ ಸ್ಥಿತಿ. ಸಾವಕಾಶವಾಗಿ ಬೆಳೆಯುವ ನಿರಪಾಯಕಾರಿ ವಸ್ತು ಮೂಳೆಯನ್ನು ಒತ್ತಿ ಬಾಗಿಸುತ್ತದೆ, ಕ್ಯಾನ್ಸರ್ ಅದನ್ನು ತಿಂದುಹಾಕುತ್ತದೆ ಎಂಬುದು ಸಾಮಾನ್ಯ ತಿಳಿವಳಿಕೆ. ಇದನ್ನು ಅನುಮಾನವಾಕ್ಯವಾಗಿ ಜೋಡಿಸಬಹುದು: ಈ ಗಡ್ಡೆ ಕ್ಯಾನ್ಸರ್, ಏಕೆಂದರೆ ಮೂಳೆ ಸವೆದಿದೆ, ಎಲ್ಲಿ ಮೂಳೆ ಸವೆತವೋ ಅಲ್ಲಿ ಕ್ಯಾನ್ಸರ್. ಹೊಗೆಯಿಂದ ಬೆಂಕಿಯನ್ನು ಊಹಿಸುವ ಕ್ರಮವೇ ಇದು. ತೊಡಕಿರುವುದು ವ್ಯಾಪ್ತಿಯಲ್ಲಿ, ಅಂದರೆ ‘ಎಲ್ಲಿ ಸವೆತವೋ ಅಲ್ಲಿ ಕ್ಯಾನ್ಸರ್’ ಎಂಬ ನಿಯಮದಲ್ಲಿ. ಹರಡುವ ಶಿಲೀಂಧ್ರ ಸೋಂಕು ಮೂಳೆಯನ್ನು ತಿನ್ನುತ್ತದೆ. ರಕ್ತನಾಳಗಳ ಉರಿಯೂತವಾದ ಗ್ರಾನ್ಯುಲೊಮಟೋಸಿಸ್ ವಿತ್ ಪಾಲಿಆಂಜೈಟಿಸ್ ಮೂಗಿನ ನಡುಗೋಡೆಯಲ್ಲಿ ತೂತು ಮಾಡುತ್ತದೆ. ಕೊಕೇನ್ ಸೇದುವವರಲ್ಲೂ ಅದೇ ತೂತು, ಒಂದು ಬಗೆಯ ಲಿಂಫೋಮಾದಲ್ಲೂ ಅದೇ ತೂತು. ಇತ್ತ ವಾಸನೆಯ ನರದ ಪದರದಿಂದ ಹುಟ್ಟುವ ಎಸ್ಥೀಸಿಯೋನ್ಯೂರೋಬ್ಲಾಸ್ಟೋಮಾ, ಮೆಲನೋಮಾದಂಥ ಕ್ಯಾನ್ಸರುಗಳು ಎಷ್ಟೋ ಸಲ ಮೂಳೆಯನ್ನು ತಿನ್ನದೆ ಸಭ್ಯವಾಗಿ ಬಾಗಿಸಿ ಕೂರುತ್ತವೆ. ಹೇತು (ಇಲ್ಲಿ ಮೂಳೆ ಸವೆತ) ‘ಸಾಧ್ಯ’ (ಇಲ್ಲಿ ಕ್ಯಾನ್ಸರ್) ಇಲ್ಲದ ಕಡೆಯೂ ಇದೆ, ಸಾಧ್ಯ ಇರುವ ಕಡೆ ಇಲ್ಲದೆಯೂ ಹೋಗುತ್ತದೆ. ಇವುಗಳಲ್ಲಿ ಮೊದಲನೆಯದು ಅನುಮಾನವನ್ನೇ ಕೆಡಿಸುವ ದೋಷ. ನೈಯಾಯಿಕರು ಅಂಥ ಹೇತುವನ್ನು ಸವ್ಯಭಿಚಾರ ಎಂದು ಕರೆದು ಹೇತ್ವಾಭಾಸಗಳ ಸಾಲಿನಲ್ಲಿ ಮೊದಲಿಗೇ ಕೂರಿಸಿದರು.

ಹಾಗೆಂದು ಮೂಳೆಯ ಸಾಕ್ಷ್ಯ ವ್ಯರ್ಥವಲ್ಲ. ಸವೆತದ ಜತೆಗೆ ಅದು ಎಲ್ಲಿ, ಯಾರಲ್ಲಿ ಎಂಬುದು ಸೇರಿದಾಗ ಹೇತುವಿಗೆ ಬಲ ಬರುತ್ತದೆ. ಹದಿಹರೆಯದ ಹುಡುಗನೊಬ್ಬನಿಗೆ ಮೇಲಿಂದ ಮೇಲೆ ಮೂಗಿನಿಂದ ರಕ್ತ; ಸಿ.ಟಿ.ಯಲ್ಲಿ ಮೂಗಿನ ಹಿಂಭಾಗದ ಸ್ಫೀನೋಪ್ಯಾಲಟೈನ್ ರಂಧ್ರದ ಬಳಿ ಗಡ್ಡೆ, ಅದರ ಪಕ್ಕದ ಸಣ್ಣ ಸಂದು ಹಿಗ್ಗಿದೆ, ಕೆನ್ನೆಯ ಸೈನಸ್‌ನ ಹಿಂಗೋಡೆ ಮುಂದಕ್ಕೆ ಬಾಗಿದೆ. ಇಷ್ಟು ಕೂಡಿದರೆ ಅದು ಜುವೆನೈಲ್ ಆಂಜಿಯೋಫೈಬ್ರೋಮಾ ಎಂಬ ರಕ್ತನಾಳಭರಿತ ಗಡ್ಡೆ ಎನ್ನುವುದರಲ್ಲಿ ಹೆಚ್ಚು ಸಂಶಯ ಉಳಿಯುವುದಿಲ್ಲ. ಎಸ್ಥೀಸಿಯೋನ್ಯೂರೋಬ್ಲಾಸ್ಟೋಮಾ ಮೂಗಿನ ಮಾಳಿಗೆಯಲ್ಲಿ ಹುಟ್ಟಿ, ಜರಡಿಯಂಥ ಕ್ರಿಬ್ರಿಫಾರ್ಮ್ ಮೂಳೆಯನ್ನು ತೂರಿ ಮೆದುಳಿನ ಕಡೆಗೆ ಹೋದಾಗ ಮೂಳೆಯ ಮಟ್ಟದಲ್ಲಿ ನಡು ಸಣ್ಣಗಾಗಿ ಡಂಬೆಲ್ ಆಕಾರ ತಾಳುತ್ತದೆ. ಮೆದುಳಿನತ್ತಣ ಅಂಚಿನಲ್ಲಿ ನೀರುಗುಳ್ಳೆಗಳಿದ್ದರೆ ಊಹೆ ಇನ್ನಷ್ಟು ಗಟ್ಟಿ. ಮೆಲನಿನ್ ವರ್ಣದ್ರವ್ಯವಿರುವ ಮೆಲನೋಮಾ ಎಂ.ಆರ್.ಐ.ನ ಟಿ1 ಎಂಬ ಬಗೆಯ ಚಿತ್ರದಲ್ಲಿ ತಾನೇ ಬೆಳ್ಳಗೆ ಹೊಳೆಯಬಹುದು. ಆದರೆ ಹಳೆಯ ರಕ್ತವೂ ಹಾಗೆಯೇ ಹೊಳೆಯುತ್ತದೆ, ಮತ್ತು ವರ್ಣದ್ರವ್ಯವಿಲ್ಲದ ಮೆಲನೋಮಾ ಹೊಳೆಯುವುದೇ ಇಲ್ಲ.

ಇನ್ವರ್ಟೆಡ್ ಪ್ಯಾಪಿಲೋಮಾ ಈ ವಿಚಾರಕ್ಕೆ ಎಲ್ಲಕ್ಕಿಂತ ಸೊಗಸಾದ ಸಾಮಗ್ರಿ. ಇದು ಕ್ಯಾನ್ಸರ್ ಅಲ್ಲ. ಸಾಮಾನ್ಯವಾಗಿ ಮೂಗಿನ ಪಕ್ಕದ ಗೋಡೆಯಲ್ಲಿ ಬೆಳೆಯುತ್ತದೆ. ಮೇಲ್ಪದರ ಹೊರಕ್ಕೆ ಚಾಚದೆ ಒಳಕ್ಕೆ ಮಡಚಿಕೊಂಡು ಹೋಗುವುದು ಅದರ ಲಕ್ಷಣ. ಎಂ.ಆರ್.ಐ.ನ ಟಿ2 ಎಂಬ ಬಗೆಯ ಚಿತ್ರದಲ್ಲೂ ಕಾಂಟ್ರಾಸ್ಟ್ ಕೊಟ್ಟ ಮೇಲಿನ ಚಿತ್ರದಲ್ಲೂ ಕಪ್ಪು-ಬಿಳಿ ಪಟ್ಟೆಗಳು ಮೆದುಳಿನ ಮಡಿಕೆಗಳಂತೆ ಸುತ್ತಿಕೊಂಡು ಕಾಣುತ್ತವೆ. ಅದು ಅಂಟಿಕೊಂಡ ಜಾಗದಲ್ಲಿ ಮೂಳೆ ಸವೆಯುವ ಬದಲು ದಪ್ಪವಾಗುತ್ತದೆ. ಶಸ್ತ್ರವೈದ್ಯರಿಗೆ ಬುಡ ಎಲ್ಲಿದೆ ಎಂಬ ಸುಳಿವು ಸಿಗುವುದು ಆ ದಪ್ಪದಿಂದ. ಇಲ್ಲಿಯವರೆಗೆ ಎಲ್ಲ ನೇರ್ಪಾಗಿದೆ. ಆದರೆ ಇಂಥ ಗಡ್ಡೆಗಳಲ್ಲಿ ಒಂದು ಪಾಲು ಒಡಲಲ್ಲೇ ಸ್ಕ್ವೇಮಸ್ ಕ್ಯಾನ್ಸರ್ ಅನ್ನು ಇಟ್ಟುಕೊಂಡಿರುತ್ತದೆ, ಇಲ್ಲವೇ ಮುಂದೆ ಅದಾಗಿ ಮಾರ್ಪಡುತ್ತದೆ. ಆ ಮಡಿಕೆಗಳ ಓಟ ಒಂದು ಕಡೆ ಕಡಿದು ಸಪಾಟಾಗಿದ್ದರೆ ಅಲ್ಲಿ ಕ್ಯಾನ್ಸರನ್ನು ಶಂಕಿಸಬೇಕು. ಮಡಿಕೆಯ ವಿನ್ಯಾಸ ಇತರ ಕ್ಯಾನ್ಸರುಗಳಲ್ಲೂ ಆಗೊಮ್ಮೆ ಈಗೊಮ್ಮೆ ಕಾಣಿಸಿಕೊಂಡಿರುವುದರಿಂದ ಅದೂ ಪೂರ್ತಿ ನೆಚ್ಚತಕ್ಕ ಗುರುತಲ್ಲ. ‘ಇದೋ, ಅದೋ’ ಎಂಬ ಪ್ರಶ್ನೆಗೆ ‘ಎರಡೂ’ ಎಂಬ ಉತ್ತರ ಬರುವ ಸ್ಥಳ ಇದು. ಮೋಟುಮರದ ಉದಾಹರಣೆಯಲ್ಲಿ ಇದಕ್ಕೆ ಜಾಗವೇ ಇಲ್ಲ.

ಕಾಣದ್ದರ ಅನಿಯಮಕ್ಕೆ ಬಂದರೆ ವಿಷಯ ಇನ್ನೂ ಸೂಕ್ಷ್ಮ. ಕುಮಾರಿಲ ಭಟ್ಟನ ಮೀಮಾಂಸೆ ಮತ್ತು ಅದ್ವೈತಿಗಳು ಅನುಪಲಬ್ಧಿಯನ್ನು ಆರನೆಯ ಪ್ರಮಾಣವೆಂದು ಎಣಿಸಿದರು: ನೆಲದ ಮೇಲೆ ಮಡಕೆ ಕಾಣದಿರುವುದರಿಂದಲೇ ಮಡಕೆಯ ಅಭಾವ ತಿಳಿಯುತ್ತದೆ. ನೈಯಾಯಿಕರು ಅಭಾವ ಕಣ್ಣಿಗೇ ಗೋಚರ ಎಂದರು; ಬೌದ್ಧ ಧರ್ಮಕೀರ್ತಿ ಅದನ್ನು ಅನುಮಾನದೊಳಗೆ ತಂದ. ಜಗಳವೇನೇ ಇರಲಿ, ಒಂದು ಷರತ್ತಿನಲ್ಲಿ ಎಲ್ಲರೂ ಹೆಚ್ಚುಕಡಿಮೆ ಒಂದೇ ಮಾತು: ಇದ್ದಿದ್ದರೆ ಕಾಣಲೇಬೇಕಾಗಿತ್ತು ಎನ್ನುವಂಥ ವಸ್ತು ಕಾಣದಿದ್ದಾಗ ಮಾತ್ರ ‘ಇಲ್ಲ’ ಎನ್ನಬಹುದು. ಕತ್ತಲೆಯಲ್ಲಿ ಮಡಕೆ ಕಾಣದಿದ್ದರೆ ಏನನ್ನೂ ಹೇಳಿದಂತಾಗುವುದಿಲ್ಲ. ಇದಕ್ಕೆ ಯೋಗ್ಯತೆ ಎಂದು ಹೆಸರು.

ಈ ಯೋಗ್ಯತೆ ಸ್ಕ್ಯಾನಿನಲ್ಲಿ ಹೇಗೆ ತಪ್ಪುತ್ತದೆಂದು ನೋಡೋಣ. ಟಿ2 ಚಿತ್ರದಲ್ಲಿ ಸೈನಸ್‌ನೊಳಗಿನ ನೀರು ಬೆಳ್ಳಗೆ, ಗಾಳಿ ಕಡುಗಪ್ಪು. ಕೆನ್ನೆಯ ಎರಡು ಸೈನಸ್‌ಗಳೂ ಕಪ್ಪಗಿರುವ ಚಿತ್ರವೊಂದು ಎದುರಿಗಿದೆ ಎಂದುಕೊಳ್ಳೋಣ. ಎರಡರಲ್ಲೂ ಗಾಳಿ, ಎರಡೂ ಸ್ವಸ್ಥ ಎಂದು ಕಣ್ಣು ಮುಂದೆ ಸಾಗುತ್ತದೆ. ಅದೇ ವ್ಯಕ್ತಿಯ ಸಿ.ಟಿ.ಯಲ್ಲಿ ಬಲಗಡೆಯದು ಗಾಳಿ, ಎಡಗಡೆಯದು ಕಿಕ್ಕಿರಿದ ವಸ್ತು, ನಡುವೆ ಸುಣ್ಣದ ಕಣಗಳಂಥ ಬಿಳಿ ಚುಕ್ಕೆಗಳು. ಅದು ಶಿಲೀಂಧ್ರದ ಉಂಡೆ. ಶಿಲೀಂಧ್ರದಲ್ಲಿ ಶೇಖರವಾಗುವ ಕ್ಯಾಲ್ಸಿಯಂ, ಕಬ್ಬಿಣ, ಮ್ಯಾಂಗನೀಸ್ ಮತ್ತು ಒಣಗಿದ ಪ್ರೋಟೀನು ಸೇರಿ ಎಂ.ಆರ್.ಐ. ಸಂಕೇತವನ್ನು ನುಂಗಿಬಿಟ್ಟಿವೆ. ಅಲರ್ಜಿಯ ಶಿಲೀಂಧ್ರ ಸೈನುಸೈಟಿಸ್‌ನಲ್ಲೂ ಹೀಗೇ. ಬರೀ ಸಿಂಬಳ ಕೂಡ ವರ್ಷಗಟ್ಟಲೆ ನಿಂತು ಗಟ್ಟಿಯಾದರೆ ಇದೇ ಆಟ ಆಡುತ್ತದೆ: ಪ್ರೋಟೀನು ಹೆಚ್ಚುತ್ತ ಹೋದಂತೆ ಟಿ1ರಲ್ಲಿ ಮೊದಲು ಬೆಳ್ಳಗಾಗಿ ಆಮೇಲೆ ಕಪ್ಪಾಗುತ್ತದೆ, ಟಿ2ರಲ್ಲಿ ಒಂದೇ ಸಮನೆ ಕಪ್ಪಿನತ್ತ ಇಳಿಯುತ್ತದೆ. ತುಂಬಿದ ಕೋಣೆ ಖಾಲಿಯಂತೆ ಕಾಣುವ ಈ ಸ್ಥಿತಿಯಲ್ಲಿ ಟಿ2 ಚಿತ್ರಕ್ಕೆ ‘ಇಲ್ಲ’ ಎನ್ನುವ ಯೋಗ್ಯತೆಯೇ ಇಲ್ಲ. ಯೋಗ್ಯತೆಯ ಷರತ್ತನ್ನು ವಿವರಿಸಲು ಕತ್ತಲೆಯ ಮಡಕೆಗಿಂತ ಈ ಚಿತ್ರ ಹೆಚ್ಚು ಒಪ್ಪುತ್ತದೆ. ಕತ್ತಲೆ ತಾನು ಕತ್ತಲೆಯೆಂದು ಹೇಳಿಕೊಳ್ಳುತ್ತದೆ, ಎಂ.ಆರ್.ಐ. ಹಾಗೆ ಹೇಳುವುದಿಲ್ಲ.

ಕಾಣದಿರುವುದೇ ಬಲವಾದ ಗುರುತಾಗುವ ಸಂದರ್ಭವೂ ಉಂಟು. 2021ರಲ್ಲಿ ಕೋವಿಡ್‌ನ ಎರಡನೆಯ ಅಲೆಯ ಜತೆ ಕರ್ನಾಟಕವೂ ಸೇರಿ ದೇಶದ ಆಸ್ಪತ್ರೆಗಳಲ್ಲಿ ಬ್ಲ್ಯಾಕ್ ಫಂಗಸ್ ರೋಗಿಗಳು ತುಂಬಿಕೊಂಡರು. ಮ್ಯೂಕರ್ ಜಾತಿಯ ಶಿಲೀಂಧ್ರ ರಕ್ತನಾಳಗಳನ್ನು ಹೊಕ್ಕು ಮುಚ್ಚಿಹಾಕುತ್ತದೆ, ಅಂಗಾಂಶ ಸಾಯುತ್ತದೆ. ಕಾಂಟ್ರಾಸ್ಟ್ ಇಂಜೆಕ್ಷನ್ ಕೊಟ್ಟಾಗ ಮೂಗಿನೊಳಗಿನ ಟರ್ಬಿನೇಟ್ ಎಂಬ ಸುರುಳಿ ಭಾಗ ಬೆಳಗಲೇಬೇಕು, ಅದರ ಲೋಳೆಪೊರೆಗೆ ರಕ್ತ ಅಷ್ಟು ಧಾರಾಳ. ಬೆಳಗಲಿಲ್ಲವೆಂದರೆ ಅಲ್ಲಿಗೆ ರಕ್ತ ತಲುಪಿಲ್ಲ. ಇಲ್ಲಿ ಯೋಗ್ಯತೆ ಪೂರ್ಣವಾಗಿದೆ, ಆದ್ದರಿಂದ ಕಪ್ಪು ಟರ್ಬಿನೇಟ್ ಬಲವಾದ ಸಾಕ್ಷಿ. ಒಂದೇ ಯಂತ್ರ, ಒಂದೇ ಕಪ್ಪು ಬಣ್ಣ. ಒಂದು ಕಡೆ ಪ್ರಮಾಣ, ಇನ್ನೊಂದು ಕಡೆ ಮೋಸ.

ಸಿ.ಟಿ. ಮತ್ತು ಎಂ.ಆರ್.ಐ. ಎರಡನ್ನೂ ಒಬ್ಬ ರೋಗಿಗೆ ಏಕೆ ಮಾಡಿಸಬೇಕು ಎಂದು ಮನೆಯವರು ಕೇಳುವ ಪ್ರಶ್ನೆಗೂ ಶಾಸ್ತ್ರದಲ್ಲಿ ಒಂದು ಹಿನ್ನೆಲೆಯಿದೆ. ಒಂದೊಂದು ಪ್ರಮಾಣಕ್ಕೆ ಒಂದೊಂದೇ ವಿಷಯ, ಒಂದರ ಕ್ಷೇತ್ರಕ್ಕೆ ಇನ್ನೊಂದು ಹೋಗದು ಎಂಬುದು ಬೌದ್ಧ ದಿಙ್ನಾಗನ ಪಕ್ಷ. ಒಂದೇ ವಸ್ತುವಿನ ಮೇಲೆ ಹಲವು ಪ್ರಮಾಣಗಳು ಕೂಡಬಹುದು ಎಂಬುದು ನೈಯಾಯಿಕರ ಪ್ರಮಾಣಸಂಪ್ಲವ. ಮೂಗಿನ ಮಟ್ಟಿಗೆ ನೈಯಾಯಿಕರೇ ಗೆಲ್ಲುತ್ತಾರೆ. ಗಡ್ಡೆ ಎಲ್ಲಿ ಮುಗಿಯಿತು, ಅದರ ಹಿಂದೆ ಕಟ್ಟಿಕೊಂಡ ಸಿಂಬಳ ಎಲ್ಲಿ ಶುರುವಾಯಿತು ಎಂಬುದನ್ನು ಸಿ.ಟಿ. ಬಿಡಿಸಿ ಹೇಳಲಾರದು; ಎಂ.ಆರ್.ಐ.ನಲ್ಲಿ ಸಿಂಬಳ ಬೆಳ್ಳಗೆ, ಜೀವಕೋಶಗಳಿಂದ ಇಡಿಕಿರಿದ ಗಡ್ಡೆ ನಡುವಣ ಬೂದು. ಫೈಬ್ರಸ್ ಡಿಸ್‌ಪ್ಲೇಸಿಯಾ ಎಂಬ ನಿರಪಾಯಕಾರಿ ಮೂಳೆ ವಿಕಾರ ಎಂ.ಆರ್.ಐ.ನಲ್ಲಿ ಭಯಂಕರ ಗಡ್ಡೆಯಂತೆ ಕಂಡು ದಿಗಿಲು ಹುಟ್ಟಿಸುತ್ತದೆ, ಸಿ.ಟಿ.ಯಲ್ಲಿ ಮಬ್ಬುಗಾಜಿನಂಥ ಅದರ ಮೈ ಕಂಡೊಡನೆ ವಿಷಯ ಮುಗಿಯಿತು. ಒಂದರ ತಪ್ಪನ್ನು ಇನ್ನೊಂದು ತಿದ್ದಬೇಕಾದರೆ ಎರಡೂ ಒಂದೇ ವಸ್ತುವನ್ನು ಕುರಿತಿರಲೇಬೇಕು.

ತಪ್ಪು ಹೇಗೆ ಆಗುತ್ತದೆ ಎಂಬುದಕ್ಕೆ ಖ್ಯಾತಿವಾದಗಳು, ಅಂದರೆ ಭ್ರಮೆಯ ಬಗೆಗಿನ ವಾದಗಳು, ಬೇರೆ ಬೇರೆ ಉತ್ತರ ಕೊಡುತ್ತವೆ. ಹಗ್ಗದಲ್ಲಿ ಹಾವು ಕಂಡದ್ದನ್ನು ಇದೆ ಎನ್ನಲೂ ಆಗದು, ಇಲ್ಲ ಎನ್ನಲೂ ಆಗದು ಎಂದು ಅದ್ವೈತ ಹೇಳಿದರೆ, ಬೇರೆಡೆಯ ಹಾವೇ ಇಲ್ಲಿ ತೋರಿತು ಎಂದು ನ್ಯಾಯ ಹೇಳುತ್ತದೆ. ಮೇಲುಕೋಟೆಯಲ್ಲಿ ವರ್ಷಗಟ್ಟಲೆ ನೆಲೆಸಿದ್ದ ರಾಮಾನುಜರ ಪಕ್ಷದಲ್ಲಿ ಕಪ್ಪೆಚಿಪ್ಪಿನಲ್ಲಿ ಬೆಳ್ಳಿ ಕಾಣಲು ಬೆಳ್ಳಿಯ ಅಂಶ ಚಿಪ್ಪಿನಲ್ಲಿ ನಿಜವಾಗಿಯೂ ಇದೆ. ರಕ್ತನಾಳಗಳು ಹೆಚ್ಚಿದ ಆಂಜಿಯೋಮೇಟಸ್ ಪಾಲಿಪ್ ಆಂಜಿಯೋಫೈಬ್ರೋಮಾದಂತೆ ತೋರುವುದಕ್ಕೆ ಈ ವಿವರಣೆ ಹೇಳಿಮಾಡಿಸಿದಂತಿದೆ: ರಕ್ತನಾಳಗಳು ಕಲ್ಪಿತವಲ್ಲ, ಅಲ್ಲೇ ಇವೆ. ಆದರೆ ಸ್ಕ್ಯಾನ್ ಓದುವ ಕೋಣೆಯ ತಪ್ಪುಗಳಿಗೆ ಎಲ್ಲಕ್ಕಿಂತ ಹತ್ತಿರದ್ದು ಮೀಮಾಂಸಕ ಪ್ರಭಾಕರನ ಅಖ್ಯಾತಿ. ಅವನ ಪ್ರಕಾರ ಭ್ರಮೆಯಲ್ಲಿ ಸುಳ್ಳು ಜ್ಞಾನವೆಂಬುದು ಇಲ್ಲವೇ ಇಲ್ಲ. ಎದುರಿಗಿರುವುದರ ಪ್ರತ್ಯಕ್ಷವೊಂದು, ಹಿಂದೆ ಕಂಡದ್ದರ ಸ್ಮೃತಿಯೊಂದು. ಎರಡೂ ಸರಿಯೇ, ಎರಡರ ನಡುವಣ ಭೇದ ಮಾತ್ರ ಗಮನಕ್ಕೆ ಬರಲಿಲ್ಲ. ಅನುಭವಿ ರೇಡಿಯಾಲಜಿಸ್ಟ್ ಹಳೆಯದೊಂದು ಕೇಸಿನ ನೆನಪನ್ನು ಹೊಸ ಫಿಲ್ಮಿನ ಮೇಲೆ ಹೊದಿಸುವಾಗ ಆಗುವುದು ಇಷ್ಟೇ. ಮೂಗಿನ ಎರಡು ಬದಿಯ ಟರ್ಬಿನೇಟ್‌ಗಳು ಕೆಲವು ಗಂಟೆಗಳಿಗೊಮ್ಮೆ ಸರದಿಯ ಮೇಲೆ ಊದಿ ಇಳಿಯುವ ಸಹಜ ಆವರ್ತವನ್ನು ಗಡ್ಡೆ ಎಂದು ಗಾಬರಿಗೊಳ್ಳುವುದೂ ಇದೇ ಜಾತಿಯದು. (ಉಸಿರು ಎಡಬಲ ಬದಲಾಗುವುದನ್ನು ಸ್ವರಶಾಸ್ತ್ರದವರು ಬಹಳ ಹಿಂದೆಯೇ ಗುರುತಿಸಿದ್ದರು, ಅದರ ಮೇಲೆ ಅವರು ಕಟ್ಟಿದ ಶಕುನಗಳ ಮಾತು ಬೇರೆ.)

ಹಗ್ಗ-ಹಾವಿನ ದೃಷ್ಟಾಂತದಲ್ಲಿ ದೀಪ ತಂದರೆ ಕೆಲಸ ಮುಗಿಯುತ್ತದೆ. ಇಲ್ಲಿ ದೀಪವೆಂದರೆ ಬಯಾಪ್ಸಿ, ಅದು ಪುಕ್ಕಟೆ ಅಲ್ಲ. ಆಂಜಿಯೋಫೈಬ್ರೋಮಾದಿಂದ ಹೊರರೋಗಿ ವಿಭಾಗದಲ್ಲಿ ಒಂದು ಚೂರು ಕಿತ್ತರೆ ನಿಲ್ಲದ ರಕ್ತಸ್ರಾವವಾಗಬಹುದು. ಮಗುವಿನ ಮೂಗಿನಲ್ಲಿ ಪಾಲಿಪ್‌ನಂತೆ ನೇತಾಡುವುದು ತಲೆಬುರುಡೆಯ ಬಿರುಕಿನಿಂದ ಕೆಳಗಿಳಿದ ಮೆದುಳಿನ ಭಾಗವೇ ಆಗಿರಬಹುದು, ಎನ್‌ಸೆಫಲೋಸೀಲ್. ಅದನ್ನು ಚುಚ್ಚಿದರೆ ಮೆದುಳಿನ ದ್ರವ ಸೋರಿ ಮೆನಿಂಜೈಟಿಸ್ ಆಗುವ ಅಪಾಯವಿದೆ. ಆದ್ದರಿಂದ ಇಂಥ ಕಡೆ ಮೊದಲು ಸ್ಕ್ಯಾನ್, ಆಮೇಲೆ ಸೂಜಿಯ ಮಾತು. ಪರೀಕ್ಷಿಸುವ ಕ್ರಿಯೆಯೇ ವಸ್ತುವನ್ನು ಕೆಡಿಸುವುದಾದರೆ ಅನುಮಾನದ ಮೇಲೆಯೇ ನಿಲ್ಲಬೇಕಾಗುತ್ತದೆ. ಪ್ರತ್ಯಕ್ಷ ಒಂದೇ ಪ್ರಮಾಣ ಎಂದ ಚಾರ್ವಾಕರಿಗೆ ಇಲ್ಲಿ ಉತ್ತರ ಕಷ್ಟ.

ಬಯಾಪ್ಸಿ ಮಾಡಿದ ಮೇಲಾದರೂ ಸಂಶಯ ನಿಲ್ಲುತ್ತದೆಯೇ? ದಕ್ಷಿಣ ಭಾರತ ಮತ್ತು ಶ್ರೀಲಂಕಾದಲ್ಲಿ, ಕೆರೆಕಟ್ಟೆಗಳಲ್ಲಿ ಮೀಯುವವರಲ್ಲಿ ಕಾಣುವ ರೈನೋಸ್ಪೊರಿಡಿಯೋಸಿಸ್‌ನಲ್ಲಿ ನಿಲ್ಲುತ್ತದೆ: ಸ್ಟ್ರಾಬೆರಿಯಂತೆ ಕೆಂಪಗಿರುವ, ಮುಟ್ಟಿದರೆ ರಕ್ತ ಸುರಿಸುವ ಆ ದುರ್ಮಾಂಸದಲ್ಲಿ ಬೀಜಕಗಳ ದೊಡ್ಡ ಚೀಲಗಳು ಸೂಕ್ಷ್ಮದರ್ಶಕದಡಿ ಎದ್ದು ಕಾಣುತ್ತವೆ. ಆದರೆ ಮೂಗಿನ ಹಲವು ಕ್ಯಾನ್ಸರುಗಳು ಸೂಕ್ಷ್ಮದರ್ಶಕದಡಿಯಲ್ಲೂ ಒಂದೇ ಬಗೆಯ ಸಣ್ಣ ನೀಲಿ ದುಂಡು ಕೋಶಗಳಾಗಿ ಕಾಣುತ್ತವೆ. ಎಸ್ಥೀಸಿಯೋನ್ಯೂರೋಬ್ಲಾಸ್ಟೋಮಾ, ಲಿಂಫೋಮಾ, ರ‍್ಯಾಬ್ಡೋಮಯೋಸಾರ್ಕೋಮಾಗಳನ್ನು ಬೇರ್ಪಡಿಸಲು ಮತ್ತೆ ವಿಶೇಷ ಬಣ್ಣಗಳ ಪರೀಕ್ಷೆ, ಕೆಲವಕ್ಕೆ ಜೀನ್ ಪರೀಕ್ಷೆ. ಒಂದು ಜ್ಞಾನದ ಪ್ರಾಮಾಣ್ಯಕ್ಕೆ ಇನ್ನೊಂದು ಜ್ಞಾನ ಬೇಕು ಎಂಬ ನೈಯಾಯಿಕರ ಪರತಃಪ್ರಾಮಾಣ್ಯವನ್ನು ಹಿಡಿದು ಹೊರಟರೆ ಈ ಸಾಲು ಎಲ್ಲಿ ನಿಲ್ಲಬೇಕು? ಮೀಮಾಂಸಕರು ಎತ್ತಿದ ಅನವಸ್ಥೆಯ ಆಕ್ಷೇಪ ಇದೇ. ಉಡುಪಿಯ ಮಧ್ವಾಚಾರ್ಯರು ಇದಕ್ಕೆ ಸಾಕ್ಷಿಯನ್ನು ಮುಂದಿಟ್ಟರು. ಮನಸ್ಸು ಸಂಶಯಪಡಬಹುದು, ಪರೀಕ್ಷೆಗಳನ್ನು ಕೇಳಬಹುದು. ಪರೀಕ್ಷೆ ನಡೆದು ದೋಷವಿಲ್ಲವೆಂದು ಕಂಡಮೇಲೆ ಜ್ಞಾನದ ಪ್ರಾಮಾಣ್ಯವನ್ನು ಹಿಡಿಯುವುದು ಆತ್ಮಸ್ವರೂಪವಾದ ಸಾಕ್ಷಿ, ಅದಕ್ಕೆ ಮತ್ತೊಂದು ಪರೀಕ್ಷೆ ಬೇಡ. ನೈಯಾಯಿಕ ಉದಯನನ ದಾರಿ ಬೇರೆ: ಸಂಶಯಿಸುವವನ ನಡತೆಯೇ ಅವನ ಸಂಶಯವನ್ನು ಅಲ್ಲಗಳೆಯುವ ಹಂತದಲ್ಲಿ ಸಂಶಯ ನಿಲ್ಲುತ್ತದೆ. ಆಸ್ಪತ್ರೆಯಲ್ಲಿ ನಡೆಯುವುದು ಬಹುಮಟ್ಟಿಗೆ ಉದಯನನದೇ ಲೆಕ್ಕ. ಯಾವ ಉತ್ತರ ಬಂದರೂ ಚಿಕಿತ್ಸೆ ಬದಲಾಗದು ಎಂದಾದ ಮೇಲೆ ಮುಂದಿನ ಪರೀಕ್ಷೆಯನ್ನು ಯಾರೂ ಬರೆಯುವುದಿಲ್ಲ.

ರಿಪೋರ್ಟಿನಲ್ಲಿ ಮೂರು ಸಾಧ್ಯತೆಗಳನ್ನು ಬರೆಯುವ ಪದ್ಧತಿಯನ್ನು ಕೆಲವರು ಜೈನರ ಸ್ಯಾದ್ವಾದಕ್ಕೆ ಹೋಲಿಸುವುದುಂಟು. ಹೋಲಿಕೆ ಸಲ್ಲದು. ಸ್ಯಾದ್ವಾದದಲ್ಲಿ ಬೇರೆ ಬೇರೆ ನೆಲೆಯಿಂದ ಆಡಿದ ಮಾತುಗಳು ಆಯಾ ನೆಲೆಯಲ್ಲಿ ಎಲ್ಲವೂ ನಿಜ. ರಿಪೋರ್ಟಿನ ಮೂರರಲ್ಲಿ ಸಾಮಾನ್ಯವಾಗಿ ಒಂದು ನಿಜ, ಎರಡು ಸುಳ್ಳು. ಕೊನೆಯಲ್ಲಿ ‘ಕ್ಲಿನಿಕಲ್ ಕೋರಿಲೇಷನ್ ಅಗತ್ಯ’ ಎಂದು ಸೇರಿಸುವ ಸಾಲನ್ನು ತಪ್ಪಿಸಿಕೊಳ್ಳುವ ಉಪಾಯವಾಗಿ ಬಳಸುವುದೂ ಇದೆ, ಆದರೆ ಅದರ ಹಿಂದಿನ ತತ್ತ್ವ ಗಟ್ಟಿ. ಸ್ಕ್ಯಾನಿನ ಚೀಟಿಯಲ್ಲಿ ‘ಮೂಗಿನಲ್ಲಿ ಗಡ್ಡೆ’ ಎಂದಷ್ಟೇ ಬರೆದು ಕಳಿಸಿದರೆ ಶಬ್ದಪ್ರಮಾಣದ, ಅಂದರೆ ನಂಬತಕ್ಕವರ ಮಾತಿನಿಂದ ತಿಳಿಯುವುದರ, ಬಾಗಿಲು ಮುಚ್ಚಿದಂತೆ. ಆ ಮಾತಿನ ಬೆಲೆ ಎಷ್ಟೆಂಬುದಕ್ಕೆ ಒಂದು ಉದಾಹರಣೆ. ಇಂಗ್ಲೆಂಡಿನ ಹೈ ವಿಕೂಂಬ್ ಸುತ್ತಿನ ಪೀಠೋಪಕರಣ ಕೆಲಸಗಾರರಲ್ಲಿ ಮೂಗಿನ ಅಡಿನೋಕಾರ್ಸಿನೋಮಾ ಅಸಹಜವಾಗಿ ಹೆಚ್ಚಿದೆ ಎಂಬುದು 1960ರ ದಶಕದಲ್ಲಿ ಬೆಳಕಿಗೆ ಬಂತು. ಕಾರಣ ಮರದ ಧೂಳು. ರೋಗಿ ಮೂವತ್ತು ವರ್ಷ ಬಡಗಿಯಾಗಿದ್ದ ಎಂಬ ಒಂದು ಮಾತು ಎಥ್‌ಮಾಯ್ಡ್ ಸೈನಸ್‌ನ ಬೂದು ಕಲೆಯ ಅರ್ಥವನ್ನೇ ಬದಲಿಸಬಹುದು, ಮತ್ತು ಆ ಮಾತು ಯಾವ ಆಯಸ್ಕಾಂತಕ್ಕೂ ಸಿಗದು.

ಶಸ್ತ್ರಚಿಕಿತ್ಸೆ, ವಿಕಿರಣ ಮುಗಿದ ಮೇಲೆ ಸಂಶಯ ಹೊಸ ರೂಪದಲ್ಲಿ ಮರಳುತ್ತದೆ: ಕಾಣುತ್ತಿರುವುದು ಗಾಯದ ಕಲೆಯೋ, ಮತ್ತೆ ಬೆಳೆದ ಗಡ್ಡೆಯೋ. ಪೆಟ್ ಸ್ಕ್ಯಾನ್ ಸಕ್ಕರೆಯ ಬಳಕೆಯನ್ನು ತೋರಿಸುತ್ತದೆ, ಆದರೆ ಮಾಗುತ್ತಿರುವ ಉರಿಯೂತವೂ ಸಕ್ಕರೆ ಬಳಸುತ್ತದೆ. ಹೀಗಾಗಿ ಚಿಕಿತ್ಸೆ ಮುಗಿದು ಕೆಲವು ತಿಂಗಳು ಕಳೆದ ಮೇಲೆ ಒಂದು ಎಂ.ಆರ್.ಐ. ತೆಗೆದಿಟ್ಟು, ಮುಂದಿನದನ್ನೆಲ್ಲ ಅದರ ಪಕ್ಕದಲ್ಲಿಟ್ಟು ನೋಡುತ್ತಾರೆ. ಬೆಳೆಯದಿದ್ದರೆ ಕಲೆ, ಬೆಳೆದರೆ ಗಡ್ಡೆ. ನೈಯಾಯಿಕರು ಸ್ಮೃತಿಯನ್ನು ಪ್ರಮಾಣಗಳ ಸಾಲಿಗೆ ಸೇರಿಸಲಿಲ್ಲ; ಹಳೆಯ ಫಿಲ್ಮು ಸ್ಮೃತಿಯಲ್ಲ, ಅಂದಿನ ಪ್ರತ್ಯಕ್ಷವೇ ಹಾಗೇ ಉಳಿದಿರುವುದು ಎಂದರೆ ಅವರೂ ಬಹುಶಃ ಒಪ್ಪುತ್ತಿದ್ದರು. ಎಸ್ಥೀಸಿಯೋನ್ಯೂರೋಬ್ಲಾಸ್ಟೋಮಾ ಹತ್ತು ವರ್ಷ ಸುಮ್ಮನಿದ್ದು ಆಮೇಲೆ ಮರಳಿದ ಉದಾಹರಣೆಗಳಿವೆ. ಹೀಗಾಗಿ ಅದರ ರೋಗಿಗಳಿಗೆ ಐದು ವರ್ಷ ಕಳೆದರೂ ಸ್ಕ್ಯಾನ್ ನಿಲ್ಲಿಸುವುದಿಲ್ಲ.